ಸಭೆಯೂ ಶಬ್ದವೂ

ಒಂದು ಸಮಾರಂಭವನ್ನು ನಡೆಯಿಸಬೇಕೆಂದು ನಾಲ್ಕು ಮಂದಿ ಕುಳಿತು ಯೋಚಿಸತೊಡಗಿದರೆ ಮೊದಲು ಬರುವ ಮಾತು ಊಟದ್ದು, ಅದು ನ್ಯಾಯವಾದುದೇ. ಆಮೇಲೆ ಅಧ್ಯಕ್ಷರು ಯಾರು, ಮುಖ್ಯ ಅತಿಥಿಗಳು ಯಾರು, ಶಾಲು ಎಷ್ಟು, ಹಾರ ಎಷ್ಟು, ಮೈಸೂರು ಪೇಟ ಯಾರಾರಿಗೆ, ಹಣ್ಣಿನ ಬುಟ್ಟಿಯಲ್ಲಿ ಅನಾನಸು ಇರಬೇಕೆ ಬೇಡವೆ ಎಂಬ ವಿಚಾರಗಳು ಒಂದರ ಹಿಂದೆ ಒಂದಾಗಿ ಬರುವುವು. ಆಮಂತ್ರಣಪತ್ರಿಕೆಯ ಕರಡನ್ನು ಮೂರು ಸಲ ತಿದ್ದುವುದಾಗುತ್ತದೆ. ಇವೆಲ್ಲವೂ ಮುಗಿದು ಎಲ್ಲರೂ ಎದ್ದು ಚಪ್ಪಲಿ ಮೆಟ್ಟುವ ಹೊತ್ತಿಗೆ ಯಾರೋ ಒಬ್ಬರು, "ಅಂದ ಹಾಗೆ, ಮೈಕಿನವನಿಗೆ ಹೇಳಿದೆಯೇನಪ್ಪ?" ಎಂದು ಕೇಳುವರು. "ಹೇಳಿದರಾಯಿತು ಬಿಡಿ" ಎಂದು ಉತ್ತರ ಬರುವುದು. ಸಭೆಯೆಂದರೆ ಹೇಳುವುದು, ಕೇಳುವುದು, ಇವೆರಡೇ. ಆ ಎರಡಕ್ಕೂ ಆಧಾರವಾದವನು ನಮ್ಮ ಪಟ್ಟಿಯಲ್ಲಿ ಕಡೆಯವನು. ಈ ತಿಂಗಳು ಅವನ ವಿಚಾರವಾಗಿ ನಾಲ್ಕು ಮಾತು ಬರೆಯಬೇಕೆಂದು ನಮಗೆ ತೋರಿತು. ಹಾಗೆ ತೋರುವುದಕ್ಕೆ ಕಾರಣವೂ ಉಂಟು.

ನಮ್ಮ ಹಳೆಯ ಶಿಷ್ಯನೊಬ್ಬನು ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಯಂತ್ರಗಳ ಬಿಡಿಭಾಗಗಳನ್ನು ಕಡೆದುಕೊಡುವ ಕಾರ್ಖಾನೆಯೊಂದನ್ನು ನಡೆಯಿಸುತ್ತಿದ್ದಾನೆ. 1998ರಲ್ಲಿ ಎರಡು ಲೇತುಗಳಿಂದಲೂ ಮೂವರು ಕೆಲಸಗಾರರಿಂದಲೂ ಮೊದಲಾದ ಆ ಉದ್ಯಮದಲ್ಲಿ ಈಗ 120 ಮಂದಿ ಅನ್ನ ಕಾಣುತ್ತಿದ್ದಾರೆ. 2023ರಲ್ಲಿ ಕಾರ್ಖಾನೆಗೆ 25 ವರ್ಷ ತುಂಬಿತು. "ಮೇಷ್ಟ್ರೆ, ಬೆಳ್ಳಿಹಬ್ಬ ಮಾಡೋಣ ಅಂತಿದೀವಿ. ತಾವೇ ಮುಂದೆ ನಿಂತು ನಡೆಸಿಕೊಡಬೇಕು" ಎಂದು ಅವನು ಮನೆಗೆ ಬಂದು ಕೇಳಿದನು. ಬಹುಕಾಲ ಶಾಲೆಯ ವಾರ್ಷಿಕೋತ್ಸವಗಳನ್ನು ನಡೆಯಿಸಿದ ಹೆಮ್ಮೆ ನಮಗೆ ಇದ್ದೇ ಇತ್ತು, ಒಪ್ಪಿಕೊಂಡೆವು.

ರಾಜಾಜಿನಗರದ ಕಡೆಯ ಒಂದು ಕಲ್ಯಾಣಮಂಟಪ ಗೊತ್ತಾಯಿತು. ಧ್ವನಿ, ಬೆಳಕು, ಪರದೆ ಇವುಗಳಿಗಾಗಿ ಮೂವರಿಂದ ಕೊಟೇಶನ್ನು ತರಿಸಿ, ಎಲ್ಲರಿಗಿಂತ ಕಡಮೆ ಹೇಳಿದವರಿಗೆ ಕೆಲಸವನ್ನು ಒಪ್ಪಿಸಿದೆವು. ಅವರಿಗೆ ನಾವು ಹೇಳಿದ ಮಾತು ಇಷ್ಟೆ: "ಎರಡು ಮೈಕು, ನಾಲ್ಕು ಪೆಟ್ಟಿಗೆ, ಒಂದು ಎಲ್.ಇ.ಡಿ. ಪರದೆ, ಒಂಬತ್ತು ಗಂಟೆಗೆ ಬಂದುಬಿಡಪ್ಪ." ಅಡಿಗೆಯವರೊಡನೆ ಕೋಸಂಬರಿಗೆ ಹೆಸರುಬೇಳೆಯೋ ಕಡಲೆಬೇಳೆಯೋ ಎಂಬುದನ್ನು ಕುರಿತೇ ಅರ್ಧ ಗಂಟೆ ಚರ್ಚೆ ಮಾಡಿದ್ದೆವೆಂಬುದನ್ನೂ ಇಲ್ಲಿ ಒಪ್ಪಿಕೊಳ್ಳಬೇಕು.

ಅಂದಿನ ಕಾರ್ಯಕ್ರಮದಲ್ಲಿ ಎಲ್ಲಕ್ಕೂ ಮಿಗಿಲಾದ ಅಂಗವೆಂದು ನಾವು ಎಣಿಸಿದ್ದುದು ಒಬ್ಬ ಹಿರಿಯ ಕೆಲಸಗಾರನ ನಿವೃತ್ತಿಯ ಸನ್ಮಾನ. ಮೊದಲನೆಯ ದಿನ ಲೇತಿನ ಮುಂದೆ ನಿಂತ ಮೂವರಲ್ಲಿ ಆತನೊಬ್ಬನು. ತುರುವೇಕೆರೆಯ ಕಡೆಯ ಹಳ್ಳಿಯಿಂದ ಆತನ ಹೆಂಡತಿ, ಮಗಳು, ಮೊಮ್ಮಗಳು ಎಲ್ಲರೂ ಬಂದಿದ್ದರು. ಜನ್ಮದಲ್ಲಿ ಒಮ್ಮೆಯೂ ಸಭೆಯಲ್ಲಿ ಮಾತನಾಡಿದವನಲ್ಲ. ಹೇಳಬೇಕಾದುದನ್ನು ಮೊಮ್ಮಗಳ ಕೈಯಲ್ಲಿ ಎರಡು ಹಾಳೆಗಳ ಮೇಲೆ ಬರೆಯಿಸಿಕೊಂಡು ಬಂದಿದ್ದನು. ಅವನ ಹೆಸರು ಕರೆದರು. ಹಿಂದೆ ಮಾತನಾಡಿದ ಮುಖ್ಯ ಅತಿಥಿಗಳು ಆರಡಿಯ ಆಳು. ಮೈಕು ಅವರ ಬಾಯಿಯ ಎತ್ತರಕ್ಕೆ ನಿಂತಿತ್ತು. ಈತನು ಗಿಡ್ಡನು, ಮೈಕನ್ನು ತಗ್ಗಿಸುವುದು ಯಾರಿಗೂ ಹೊಳೆಯಲಿಲ್ಲ. "ಎಲ್ಲರಿಗೂ ನಮಸ್ಕಾರ" ಎಂದನು. ಕೇಳಿಸಲಿಲ್ಲವೆಂದು ಧ್ವನಿಯ ಹುಡುಗನು ಸದ್ದನ್ನು ಏರಿಸಿದನು. ಒಡನೆಯೇ ಕಿವಿ ತೂತಾಗುವಂಥ ಕೂಗೊಂದು ಎದ್ದಿತು. ಮುದುಕನು ಬೆಚ್ಚಿ ಒಂದು ಹೆಜ್ಜೆ ಹಿಂದಕ್ಕೆ ಸರಿದನು, ಅದರಿಂದ ಅವನ ಮಾತು ಇನ್ನೂ ಸಣ್ಣದಾಯಿತು, ಹುಡುಗನು ಮತ್ತೂ ಏರಿಸಿದನು, ಮತ್ತೂ ಕೂಗಿತು. ನಿರೂಪಕಿ ಓಡಿಬಂದು ತನ್ನ ಕೈಯ ತಂತಿಯಿಲ್ಲದ ಮೈಕನ್ನು ಕೊಟ್ಟಳು. ಅದು ಒಂದು ಪದವನ್ನು ಆಡುವುದು, ಎರಡು ಪದಗಳನ್ನು ನುಂಗುವುದು, ಹೀಗೆ ಸ್ವಲ್ಪ ಹೊತ್ತು ನಡೆದು ಕಡೆಗೆ ಸತ್ತೇಹೋಯಿತು.

ತರ್ಕಸಂಗ್ರಹವನ್ನು ಓದಿದವರಿಗೆ ವಾಕ್ಯದ ಅರ್ಥ ತಿಳಿಯಬೇಕಾದರೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರು ಬೇಕೆಂಬುದು ಗೊತ್ತಿದೆ. ಸನ್ನಿಧಿಯೆಂದರೆ ಪದಗಳು ವಿಳಂಬವಿಲ್ಲದೆ ಒಂದರ ಬಳಿ ಒಂದಾಗಿ ಬರುವುದು. ಒಂದು ಪದವನ್ನು ಈಗ ನುಡಿದು ಇನ್ನೊಂದನ್ನು ಒಂದು ಜಾವದ ಮೇಲೆ ನುಡಿದರೆ ಅರ್ಥವಾಗದೆಂದು ಅನ್ನಂಭಟ್ಟನ ಅಭಿಪ್ರಾಯ. ಸೆಲ್ಲು ತೀರುತ್ತ ಬಂದ ಮೈಕನ್ನು ಆತನು ಕಂಡಿದ್ದರೆ ಉದಾಹರಣೆಗೆ ಅದನ್ನೇ ಕೊಡುತ್ತಿದ್ದನೇನೊ.

ಮುದುಕನು ನಿಲ್ಲಿಸಲಿಲ್ಲ. ಮೈಕಿಲ್ಲದೆಯೇ ಎರಡೂ ಹಾಳೆಗಳನ್ನು ಕಡೆಯ ಅಕ್ಷರದವರೆಗೆ ಓದಿದನು. ಮುಂದಿನ ಸಾಲಿನವರು ಮರ್ಯಾದೆಯಿಂದ ತಲೆದೂಗಿದರು. ಹಿಂದಿನ ಸಾಲುಗಳಲ್ಲಿ ಜನರು ತಮ್ಮ ತಮ್ಮೊಳಗೆ ಮಾತಿಗೆ ತೊಡಗಿದ್ದರು, ಅವರನ್ನು ದೂರಲಾಗದು. ಓದು ಮುಗಿಯಿತು, ಚಪ್ಪಾಳೆ ಬಿತ್ತು. ಮರುಗಳಿಗೆಯಲ್ಲಿಯೇ ನಾಲ್ಕು ಪೆಟ್ಟಿಗೆಗಳೂ ಕಟ್ಟಡ ನಡುಗುವಂತೆ ಒಂದು ಚಲನಚಿತ್ರಗೀತೆಯನ್ನು ಹಾಡಿದುವು. ಹಾಡಿಗೆ ಯಾವ ವಿಘ್ನವೂ ಬರಲಿಲ್ಲ.

ಕೆಳಗಿಳಿದು ಬಂದವನು ಹಾಳೆಗಳನ್ನು ನಮ್ಮ ಕೈಗೆ ಕೊಟ್ಟು, "ಮೊಮ್ಮಗಳು ಬರೆದದ್ದು ಸ್ವಾಮಿ. ತಪ್ಪು ಗಿಪ್ಪು ಇದ್ದರೆ ತಿದ್ದಿ ಕೊಡಿ" ಎಂದನು. ರಾತ್ರಿ ಮನೆಯಲ್ಲಿ ಓದಿದೆವು. ತಪ್ಪುಗಳು ಎಂಟೋ ಒಂಬತ್ತೋ ಇದ್ದುವು. 2003ರಲ್ಲಿ ಒಂದು ದಿನ ಆತನ ಅಂಗಿಯ ತೋಳು ತಿರುಗುತ್ತಿದ್ದ ಲೇತಿಗೆ ಸಿಕ್ಕಿ ಕೈ ಒಳಕ್ಕೆ ಹೋಗುವುದರಲ್ಲಿತ್ತಂತೆ. ಪಕ್ಕದ ಯಂತ್ರದಲ್ಲಿದ್ದ ಜೊತೆಗಾರನು ಹಾರಿಬಂದು ಯಂತ್ರವನ್ನು ನಿಲ್ಲಿಸಿ ಬಿಡಿಸಿದನಂತೆ. "ಈ 20 ವರ್ಷ ಒಟ್ಟಿಗೆ ಬುತ್ತಿ ಉಂಡಿದ್ದೇವೆ, ಇದನ್ನು ಬಾಯಿಬಿಟ್ಟು ಅವನಿಗೆ ಹೇಳಿರಲಿಲ್ಲ. ಇವತ್ತು ಎಲ್ಲರ ಮುಂದೆ ಹೇಳುತ್ತಿದ್ದೇನೆ" ಎಂದು ಎರಡನೆಯ ಹಾಳೆಯಲ್ಲಿ ಇತ್ತು. ಆ ಜೊತೆಗಾರನು ಸಭೆಯಲ್ಲಿ ಕಡೆಯ ಸಾಲಿನಲ್ಲಿ ಕುಳಿತಿದ್ದನು. ವಾರದ ಮೇಲೆ ಕಾರ್ಖಾನೆಗೆ ಹೋದಾಗ ಅವನನ್ನು ಕೇಳಿದೆವು. "ಬಾಯಿ ಆಡೋದು ಕಾಣಿಸ್ತು ಸಾರ್. ಏನಂದ್ರೋ ಕೇಳಿಸಲಿಲ್ಲ" ಎಂದನು. ಹಾಳೆಗಳನ್ನು ಅವನಿಗೆ ತೋರಿಸಲು ನಮಗೆ ಅಧಿಕಾರವಿಲ್ಲವೆಂದು ತೋರಿ ಸುಮ್ಮನಾದೆವು.

ಬಾಕಿ ಹಣಕ್ಕಾಗಿ ಧ್ವನಿಯ ಯಜಮಾನನು ಬಂದಾಗ ನಮ್ಮ ಕೋಪ ಇನ್ನೂ ಆರಿರಲಿಲ್ಲ. ಸ್ವಲ್ಪ ಖಾರವಾಗಿಯೇ ಮಾತನಾಡಿದೆವು. ಆತನು ಎಲ್ಲವನ್ನೂ ಕೇಳಿಕೊಂಡು ಹೇಳಿದನು: "ಸೆಲ್ಲಿನದು ನಮ್ಮ ತಪ್ಪೇ ಸಾರ್, ಒಪ್ಕೋತೀನಿ. ಮಧ್ಯದಲ್ಲಿ ಬದಲಾಯಿಸಬೇಕಿತ್ತು. ಆದರೆ ಮೈಕು ಕೂಗಿದ್ದು ಯಾಕೆ ಅಂತ ನೋಡಿದ್ರಾ? ನಾವು ಒಂಬತ್ತಕ್ಕೆ ಬಂದಾಗ ಪೆಟ್ಟಿಗೆ ಇಡೋ ಜಾಗದಲ್ಲಿ ಹೂವಿನ ಕಮಾನು ನಿಲ್ಲಿಸಿದ್ರು. ಪೆಟ್ಟಿಗೆ ಚೆನ್ನಾಗಿ ಕಾಣಲ್ಲ, ಹಿಂದಕ್ಕೆ ಹಾಕಿ ಅಂದ್ರು. ಹಾಕಿದ್ವಿ. ಪೆಟ್ಟಿಗೆ ಮೈಕಿನ ಬೆನ್ನಿಗೆ ಹೋಯ್ತು. ಇನ್ನು ಕೂಗದೆ ಏನ್ ಮಾಡುತ್ತೆ? ಎಷ್ಟು ಜನ ಮಾತಾಡ್ತಾರೆ, ಯಾರು ಮಾತಾಡ್ತಾರೆ, ಒಂದು ಚೀಟಿ ಕೊಟ್ರಾ ಸಾರ್ ನಮಗೆ?"

ಕೊಟ್ಟಿರಲಿಲ್ಲ. ಪೆಟ್ಟಿಗೆಗಳನ್ನು ಹಿಂದಕ್ಕೆ ಸರಿಸಲು ಹೇಳಿದವರು ಯಾರೆಂದು ವಾಚಕರು ಊಹಿಸಿಕೊಂಡಿರಬಹುದು. ಚೆಂಡುಹೂವಿನ ಆ ಕಮಾನು ನಮಗೆ ಬಹಳ ಹಿಡಿಸಿತ್ತು.

ಮೈಕಿನ ಕೂಗು ಎಂಬುದರ ತತ್ತ್ವ ಬಹಳ ಸುಲಭ. ತಿಳಿದುಕೊಂಡರೆ ಮನೆಯ ಉಪನಯನ, ಗೃಹಪ್ರವೇಶಗಳಲ್ಲಿಯೂ ಉಪಯೋಗಕ್ಕೆ ಬರುವುದು. ಮೈಕು ಮನುಷ್ಯನ ಮಾತನ್ನು ಹಿಡಿದು ಪೆಟ್ಟಿಗೆಗೆ ಕೊಡುತ್ತದೆ. ಪೆಟ್ಟಿಗೆ ಅದನ್ನು ದೊಡ್ಡದು ಮಾಡಿ ಹೊರಕ್ಕೆ ಬಿಡುತ್ತದೆ. ಹೊರಬಿದ್ದ ಆ ಶಬ್ದ ತಿರುಗಿ ಮೈಕಿನೊಳಕ್ಕೆ ಹೊಕ್ಕರೆ ಅದೂ ದೊಡ್ಡದಾಗಿ ಹೊರಬೀಳುವುದು, ಮತ್ತೆ ಹೊಗುವುದು. ಹೀಗೆ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ನೂರಾರು ಸುತ್ತು ಸುತ್ತಿ ಸ್ವರವೊಂದೇ ಉಳಿದು ಶಿಳ್ಳೆಯಾಗುತ್ತದೆ. ಪರಿಹಾರವೂ ಅಷ್ಟೇ ಸುಲಭ. ಪೆಟ್ಟಿಗೆಗಳು ಮೈಕಿಗಿಂತ ಮುಂದೆ, ಸಭಿಕರ ಕಡೆಗೆ ಮುಖಮಾಡಿ ಇರತಕ್ಕದ್ದು. ಮಾತನಾಡುವವನು ಮೈಕಿಗೆ ಹತ್ತಿರದಲ್ಲಿರಬೇಕು. ಬಾಯಿಗೂ ಮೈಕಿಗೂ ಇರುವ ದೂರ ಅರ್ಧವಾದರೆ ಅದಕ್ಕೆ ಮುಟ್ಟುವ ಧ್ವನಿಯ ತೀವ್ರತೆ ಸುಮಾರು ನಾಲ್ಕರಷ್ಟಾಗುವುದು. ಹೆದರಿದ ಮನುಷ್ಯನು ಮೈಕಿನಿಂದ ಹಿಂದೆ ಸರಿಯುತ್ತಾನೆ. ಅವನಿಗೆ ಹತ್ತಿರ ಬರಲು ಮೆಲ್ಲಗೆ ಹೇಳಿ ಮೈಕನ್ನು ಅವನ ಬಾಯಿಗೆ ತಗ್ಗಿಸಿಕೊಡುವುದಕ್ಕೆ ವೇದಿಕೆಯ ಪಕ್ಕದಲ್ಲಿ ಒಬ್ಬನು ನಿಂತಿರಬೇಕು. ಇದಕ್ಕೆ ಹಣ ಬೇಡ.

ಈ ಚಿಂತೆಯಲ್ಲಿದ್ದಾಗ ನಮಗೆ ಭರತಮುನಿಯ ನಾಟ್ಯಶಾಸ್ತ್ರದ ಎರಡನೆಯ ಅಧ್ಯಾಯ ಜ್ಞಾಪಕಕ್ಕೆ ಬಂದಿತು. ನಾಟಕದ ಗ್ರಂಥವಷ್ಟೆ, ಆದರೂ ಅಭಿನಯ, ರಸ, ಭಾವ ಯಾವುದನ್ನೂ ವಿಸ್ತರಿಸುವುದಕ್ಕೆ ಮೊದಲೇ ಮುನಿಯು ಮನೆಯ ಅಳತೆಗೆ ಕೈಹಾಕುತ್ತಾನೆ. ಮನುಷ್ಯರಿಗೆ ತಕ್ಕ ನಾಟ್ಯಗೃಹ 64 ಹಸ್ತ ಉದ್ದ, 32 ಹಸ್ತ ಅಗಲ. ಒಂದು ಹಸ್ತಕ್ಕೆ ಒಂದೂವರೆ ಅಡಿಯಂತೆ ಎಣಿಸಿದರೆ 96 ಅಡಿಗೆ 48 ಅಡಿ. ಅದರಲ್ಲಿಯೂ ಅರ್ಧ ರಂಗಕ್ಕೂ ನೇಪಥ್ಯಕ್ಕೂ ಹೋಗಿ ನೋಡುವವರಿಗೆ ಉಳಿಯುವುದು 48 ಅಡಿಯ ಚೌಕ ಮಾತ್ರ. ಇದಕ್ಕಿಂತ ದೊಡ್ಡದು ಕೂಡದೆಂದು ಕಾರಣಸಹಿತವಾಗಿ ಹೇಳಿದೆ: ಮಾತು ಸ್ವರಗೆಟ್ಟು ಅಸ್ಪಷ್ಟವಾಗುವುದು, ಮುಖದ ಭಾವ ಕಾಣದೆ ಹೋಗುವುದು. ಮನೆ ಬೆಟ್ಟದ ಗುಹೆಯ ಆಕಾರದಲ್ಲಿರಬೇಕು, ಕಿಟಕಿಗಳು ಚಿಕ್ಕವಾಗಿರಬೇಕು, ಗಾಳಿ ಹೊಡೆಯಬಾರದು. ಆಗ ವಾದ್ಯಗಳ ನಾದ ಗಂಭೀರವಾಗಿ ನಿಲ್ಲುವುದೆಂದು ಅವನ ಮತ. ಧ್ವನಿಯನ್ನು ಮೊದಲು ಯೋಚಿಸಿ ಕಟ್ಟಡವನ್ನು ಆಮೇಲೆ ಕಟ್ಟಿದ ಕಾಲವದು. ನಾವು ಕಟ್ಟಡವನ್ನು ಮದುವೆಯ ಮುಹೂರ್ತ ನೋಡಿ ಹಿಡಿಯುತ್ತೇವೆ. ಧ್ವನಿಯನ್ನು ಅದರೊಳಕ್ಕೆ ತುರುಕುತ್ತೇವೆ.

ಮಾರನೆಯ ವರ್ಷ, 2024ರಲ್ಲಿ, ಕಾರ್ಖಾನೆಯ ವಾರ್ಷಿಕ ಸಮಾರಂಭ ಅದೇ ಕಲ್ಯಾಣಮಂಟಪದಲ್ಲಿ ಗೊತ್ತಾಯಿತು. ಶಿಷ್ಯನು ದೊಡ್ಡ ಮನಸ್ಸಿನವನು. ತಿರುಗಿ ನಮ್ಮನ್ನೇ ಕರೆದನು. ನಾವು ಅದೇ ಧ್ವನಿಯವನನ್ನೇ ಕರೆಯಬೇಕೆಂದೆವು. "ಅವನನ್ನೇ ಮೇಷ್ಟ್ರೆ?" ಎಂದು ಅವನಿಗೆ ಆಶ್ಚರ್ಯ. ತಪ್ಪನ್ನು ತಪ್ಪೆಂದು ಒಪ್ಪಿಕೊಂಡವನು, ತಪ್ಪಾದ ಜಾಗವನ್ನು ಬಲ್ಲವನು, ಅವನಿಗಿಂತ ಬೇರೆ ಯಾರು ಬೇಕು? ಇನ್ನೂ ಅಡಿಗೆಯವರಿಗೆ ಹೇಳಿರಲಿಲ್ಲ. ಆತನನ್ನೂ ಕರೆದುಕೊಂಡು ಒಂದು ತಿಂಗಳು ಮುಂಚೆ ಕಲ್ಯಾಣಮಂಟಪಕ್ಕೆ ಹೋದೆವು.

ಆ ಒಂದು ಗಂಟೆಯಲ್ಲಿ ನಮಗಾದ ಪಾಠ ನಾವು ಶಾಲೆಯಲ್ಲಿ ಹೇಳಿದ ಬಹು ಪಾಠಗಳಿಗಿಂತ ಮೇಲು. ಆತನು ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿ ಕಿವಿಗೊಟ್ಟನು. ನುಣುಪಾದ ನೆಲ, ಗಾಜಿನ ಕಿಟಕಿ, ಗಾರೆಯ ಗೋಡೆ. ಶಬ್ದ ಎಲ್ಲಿಯೂ ಇಂಗದೆ ಚೆಂಡಿನಂತೆ ಪುಟಿಯುತ್ತಿತ್ತು. "ಖಾಲಿ ಹಾಲು ಹೀಗೇ ಸಾರ್. ಜನ ತುಂಬಿದ್ರೆ ಅರ್ಧ ಸದ್ದು ಅವರ ಬಟ್ಟೆಯೇ ಕುಡಿಯುತ್ತೆ. ಬೆಳಿಗ್ಗೆ ಖಾಲಿ ಹಾಲಿನಲ್ಲಿ ಸರಿಮಾಡಿ ಹಾಗೇ ಬಿಟ್ರೆ ಹನ್ನೊಂದು ಗಂಟೆಗೆ ಹಿಂದಿನವರಿಗೆ ಏನೂ ಕೇಳಲ್ಲ" ಎಂದನು. ಹಿಂದಿನ ಗೋಡೆಗೆ ಪರದೆಬಟ್ಟೆ ಇಳಿಬಿಡಿಸಲು ಹೇಳಿದನು. ಅಲಂಕಾರವೂ ಆಯಿತು, ಪ್ರತಿಧ್ವನಿಯೂ ಕುಗ್ಗಿತು. ಮುಂದೆ ನಾಲ್ಕು ಪೆಟ್ಟಿಗೆಗಳನ್ನು ಗಟ್ಟಿಯಾಗಿ ಕೂಗಿಸುವ ಬದಲು ಮುಂದೆ ಎರಡು, ನಡುವೆ ಎರಡು ಇಟ್ಟು ಮೆಲ್ಲಗೆ ನುಡಿಸೋಣವೆಂದನು. ಅದಕ್ಕೊಂದು ಸೂಕ್ಷ್ಮವುಂಟು. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರು ಹೋಗುತ್ತದೆ. ತಂತಿಯಲ್ಲಿ ಹರಿಯುವ ಸಂಕೇತಕ್ಕೆ ವೇಳೆಯೇ ಹಿಡಿಯದು ಎನ್ನಬಹುದು. ಆದುದರಿಂದ ವೇದಿಕೆಯಿಂದ 34 ಮೀಟರು ದೂರದಲ್ಲಿ ಕುಳಿತವನಿಗೆ ಪಕ್ಕದ ಪೆಟ್ಟಿಗೆಯ ಮಾತು ಮೊದಲು ಕೇಳಿ, ವೇದಿಕೆಯದು ಸೆಕೆಂಡಿನ ಹತ್ತನೆಯ ಒಂದು ಪಾಲು ತಡೆದು ಬರುವುದು. ಒಂದೇ ಮಾತು ಎರಡಾಗಿ ಕೇಳಿಸುವುದು. ನಡುವಿನ ಪೆಟ್ಟಿಗೆಗಳನ್ನು ಲೆಕ್ಕಹಾಕಿ ಅಷ್ಟೇ ತಡಮಾಡಿಸುವ ಉಪಕರಣ ಅವರಲ್ಲಿ ಇರುತ್ತದೆ. ನಾವು ಕೇಳದೆ ಇದ್ದರೆ ಅದು ಗಾಡಿಯಿಂದ ಇಳಿಯುವುದೇ ಇಲ್ಲ.

ವೇದಿಕೆಯ ಪಕ್ಕದಲ್ಲಿ ನಿಲ್ಲಿಸುವ ದೊಡ್ಡ ಫ್ಯಾನನ್ನೂ ಆತನು ಬೇರೆಡೆಗೆ ಸಾಗಿಸಿದನು. ಅದರ ಗಾಳಿ ಮೈಕಿಗೆ ಬಡಿದರೆ ಮಳೆಗಾಳಿಯ ಭೋರ್ಗರೆತ ಕೇಳಿಸುವುದಂತೆ. ಗಾಳಿ ಹೊಡೆಯಬಾರದೆಂಬ ಭರತನ ನಿಯಮವನ್ನು ಪೀಣ್ಯದ ಈ ಮನುಷ್ಯನು ಓದದೆಯೇ ಬಲ್ಲನೆಂದು ನಮಗೆ ಸಂತೋಷವಾಯಿತು. ಹೇಳಿದೆವು. "ಅವರೂ ಸೌಂಡಿನವರಾ ಸಾರ್?" ಎಂದು ಕೇಳಿದನು. ಹೌದೆಂದೆವು.

ಇನ್ನು ಪರದೆಯ ವಿಚಾರ. ಬೆಳ್ಳಿಹಬ್ಬದ ದಿನ ಕಾರ್ಖಾನೆಯನ್ನು ಸ್ಥಾಪಿಸಲು ಹಣ ಕೊಟ್ಟ ಶಿಷ್ಯನ ತಂದೆಯ ಭಾವಚಿತ್ರದ ಕೆಳಗೆ ಅವರ ಹೆಸರಿಗೆ ಬದಲಾಗಿ ಇಂಗ್ಲಿಷ್ ಅಕ್ಷರಗಳೂ ಆವರಣಚಿಹ್ನೆಗಳೂ ಕಲಸಿದ ಒಂದು ಒಕ್ಕಣೆ ಬಂದಿತ್ತು. ಪುಣ್ಯಕ್ಕೆ ಅವರ ಮನೆಯವರು ಕನ್ನಡಕ ತಂದಿರಲಿಲ್ಲ. ಇದು ಕನ್ನಡದಲ್ಲಿ ಕಾರ್ಯಕ್ರಮ ಮಾಡುವವರೆಲ್ಲರೂ ತಿಳಿದಿರಬೇಕಾದ ವಿಷಯ. ನುಡಿ, ಬರಹ ಮೊದಲಾದವುಗಳ ಹಳೆಯ ಅಕ್ಷರಕ್ರಮದಲ್ಲಿ ಟೈಪು ಮಾಡಿದುದು ಒಳಗೆ ಇಂಗ್ಲಿಷ್ ಸಂಕೇತಗಳಾಗಿಯೇ ಇರುತ್ತದೆ. ಆ ಲಿಪಿಯನ್ನು ಹಾಕಿರುವ ಗಣಕಯಂತ್ರದಲ್ಲಿ ಮಾತ್ರ ಅದು ಕನ್ನಡವಾಗಿ ಕಾಣುತ್ತದೆ. ಧ್ವನಿಯವರ ಲ್ಯಾಪ್‌ಟಾಪಿನಲ್ಲಿ ಆ ಲಿಪಿ ಇಲ್ಲದಿದ್ದರೆ ಹೂರಣ ಹೊರಕ್ಕೆ ಬೀಳುವುದು. ಯೂನಿಕೋಡಿನಲ್ಲಿ ಟೈಪು ಮಾಡಬೇಕು. ಅದಕ್ಕಿಂತ ನಿರ್ಭಯವಾದುದು ಹಾಳೆಗಳನ್ನು ಚಿತ್ರವಾಗಿ ಇಲ್ಲವೆ ಪಿ.ಡಿ.ಎಫ್. ಆಗಿ ಮಾಡಿ ಎರಡು ದಿನ ಮುಂಚೆ ಕಳುಹಿಸಿ, ಅವರ ಯಂತ್ರದಲ್ಲಿಯೇ ತೆರೆಯಿಸಿ ಕಣ್ಣಾರೆ ನೋಡುವುದು. ಸಾಲುಗಳ ನಡುವೆ ಎಡೆ ಕಡಮೆಯಾದರೆ ಒತ್ತಕ್ಷರಗಳು ಕತ್ತರಿಸಿಹೋಗುವುದೂ ಉಂಟು. ಕೃಷ್ಣಪ್ಪನವರು ಕೃಷಪನವರಾದರೆ ಯಾರಿಗೆ ಸಮಾಧಾನ? ಎಲ್.ಇ.ಡಿ. ಪರದೆಯ ದರಪಟ್ಟಿಯಲ್ಲಿ ಪಿ-3, ಪಿ-4 ಎಂದು ಬರೆದಿರುತ್ತಾರೆ. ದೀಪದ ಚುಕ್ಕೆಗಳ ನಡುವಣ ದೂರ ಅಷ್ಟು ಮಿಲಿಮೀಟರು ಎಂದು ಅದರ ಅರ್ಥ. ಮಿಲಿಮೀಟರಿಗೆ ಒಂದು ಮೀಟರಿನಂತೆ ಮೊದಲನೆಯ ಸಾಲನ್ನು ದೂರ ಕೂರಿಸಿದರೆ ಚಿತ್ರ ಚುಕ್ಕೆಯಾಗಿ ಒಡೆಯದೆಂದು ಈ ಕಸುಬಿನವರು ಇಟ್ಟುಕೊಂಡಿರುವ ಲೆಕ್ಕ. ಚಿಕ್ಕ ಸಭೆಗೆ ದೊಡ್ಡ ಪರದೆಯ ಆಡಂಬರ ಬೇಡವೆಂಬುದು ನಮ್ಮ ಅಭಿಪ್ರಾಯ. ಮಾತನಾಡುವವನ ಹಿಂದೆ ಬಣ್ಣದ ಅಲೆಗಳು ಹರಿದಾಡುತ್ತಿದ್ದರೆ ಅವನ ಮುಖವನ್ನು ಯಾರು ನೋಡುವರು?

ವಿದ್ಯುತ್ತಿನ ಮಾತನ್ನು ಮರೆಯಬಾರದು. ಕಲ್ಯಾಣಮಂಟಪದಲ್ಲಿ ಅಡಿಗೆಮನೆಯ ಗ್ರೈಂಡರು ತಿರುಗುವ ತಂತಿಯಲ್ಲಿಯೇ ಧ್ವನಿಯವರೂ ವಿದ್ಯುತ್ತು ತೆಗೆದುಕೊಂಡರೆ ಚಟ್ನಿಗೂ ಸ್ವಾಗತಭಾಷಣಕ್ಕೂ ಜಗಳ ಹತ್ತುವುದು. ಜನರೇಟರು ಇದೆಯೆಂದು ಮ್ಯಾನೇಜರು ಹೇಳುತ್ತಾರೆ; ಇದ್ದೇ ಇರುತ್ತದೆ. ಆದರೆ ಕರೆಂಟು ಹೋಗಿ ಅದು ಹತ್ತಿಕೊಳ್ಳುವ ಕೆಲವು ಸೆಕೆಂಡುಗಳಲ್ಲಿ ಪರದೆಯ ಗಣಕಯಂತ್ರ ಆರಿ, ತಿರುಗಿ ಎಚ್ಚರವಾಗುವುದಕ್ಕೆ ಕೆಲವು ನಿಮಿಷ ಹಿಡಿಯುವುದುಂಟು. ಅದಕ್ಕೊಂದು ಯು.ಪಿ.ಎಸ್. ಬೇಕೆಂದು ಕೇಳಿಕೊಳ್ಳಬೇಕು.

ಕಾನೂನಿನದೂ ಒಂದು ಮಾತು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ರಾತ್ರಿ 10 ಗಂಟೆಯಿಂದ ಬೆಳಿಗ್ಗೆ 6ರವರೆಗೆ, ಮುಚ್ಚಿದ ಸಭಾಭವನಗಳ ಒಳಗೆ ಹೊರತು, ಅದನ್ನು ಹಾಕಕೂಡದು. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರಿಗೆ ಕಡಮೆಯಿಲ್ಲದ ಪ್ರದೇಶವನ್ನು ನಿಶ್ಶಬ್ದವಲಯವನ್ನಾಗಿ ಮಾಡಲು ಅವಕಾಶವಿದೆ. ಇನ್ನು ಹಾಡು: 1957ರ ಕೃತಿಸ್ವಾಮ್ಯದ ಕಾಯಿದೆಯಲ್ಲಿ ಮದುವೆಗೂ ಅದಕ್ಕೆ ಸೇರಿದ ಸಮಾರಂಭಗಳಿಗೂ ವಿನಾಯಿತಿ ಹೇಳಿದೆ, ಕಂಪೆನಿಯ ಉತ್ಸವಕ್ಕೆ ಆ ವಿನಾಯಿತಿ ಇಲ್ಲ. ಧ್ವನಿಮುದ್ರಿತ ಹಾಡನ್ನು ಹಾಕುವುದಾದರೆ ಹಕ್ಕುದಾರರ ಪರವಾನಗಿ ಪಡೆಯುವವರು ಯಾರು, ಕಂಪೆನಿಯೋ ಧ್ವನಿಯವರೋ ಎಂಬುದನ್ನು ಮೊದಲೇ ಬರೆದುಕೊಳ್ಳುವುದು ಲೇಸು. ನಮ್ಮಲ್ಲಿ ಕಾರ್ಖಾನೆಯ ಹೆಣ್ಣುಮಕ್ಕಳೇ ಜಾನಪದಗೀತೆಗಳನ್ನು ಹಾಡಿದುದರಿಂದ ಆ ತೊಡಕು ಬರಲಿಲ್ಲ.

ದರದ ವಿಚಾರದಲ್ಲಿ ಈಗ ನಮಗೆ ಬುದ್ಧಿ ಬಂದಿದೆ. ಎರಡು ಕೊಟೇಶನ್ನುಗಳನ್ನು ಪಕ್ಕ ಪಕ್ಕ ಇಟ್ಟು ಕೆಳಗಿನ ಮೊತ್ತವನ್ನು ಮಾತ್ರ ನೋಡುವುದು ಅನ್ಯಾಯ. ಎಷ್ಟು ಆಳು ಬರುತ್ತಾರೆ, ಸಭೆ ಮುಗಿಯುವ ಪರಿಯಂತ ಧ್ವನಿಯ ಮೇಜಿನ ಹಿಂದೆ ಒಬ್ಬನು ಕುಳಿತಿರುತ್ತಾನೆಯೋ ಅಥವಾ ಗುಂಡಿ ತಿರುಗಿಸಿಟ್ಟು ಚಹಕ್ಕೆ ಹೋಗುತ್ತಾನೆಯೋ, ಕೆಟ್ಟರೆ ಬದಲಿ ಮೈಕು ಉಂಟೆ, ಹೊಸ ಸೆಲ್ಲುಗಳ ಖರ್ಚು ಯಾರದು, ಸಾಗಣೆ ಸೇರಿದೆಯೆ, ಹೊತ್ತು ಮೀರಿದರೆ ಎಷ್ಟು. ಇವು ಬರೆಯದಿರುವ ಕಾಗದ ಅಗ್ಗವೋ ತುಟ್ಟಿಯೋ ಹೇಳಲಾಗದು. ನಾವೂ ನಮ್ಮ ಪಾಲಿನ ಕಾಗದವನ್ನು ಕೊಟ್ಟೆವು. ಯಾರು, ಎಷ್ಟು ಹೊತ್ತಿಗೆ, ಎಲ್ಲಿ ನಿಂತು, ಎಷ್ಟು ನಿಮಿಷ. ಅವರು ಗಿಡ್ಡವೋ ಉದ್ದವೋ, ಮೆಲುದನಿಯವರೋ ಗಟ್ಟಿದನಿಯವರೋ. ಈ ಕಡೆಯದನ್ನು ಕಂಡು ಧ್ವನಿಯವನು ನಕ್ಕನು. ಆದರೆ ಕಾಗದವನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡನು.

ಗಾಂಧೀಜಿ, ನೆಹರೂ ಇವರು ಭಾಷಣ ಮಾಡುತ್ತಿರುವ ಹಳೆಯ ಭಾವಚಿತ್ರಗಳಲ್ಲಿ ಮೈಕಿನ ಮೇಲೆ ಚಿಕಾಗೋ ರೇಡಿಯೋ ಎಂಬ ಹೆಸರಿನ ಫಲಕ ಕಾಣುವುದನ್ನು ವಾಚಕರು ಗಮನಿಸಿರಬಹುದು. ಅದು ಅಮೆರಿಕದವರದಲ್ಲ, ಮೋಟ್ವಾನೆ ಎಂಬ ಮನೆತನದವರು ನಮ್ಮ ದೇಶದಲ್ಲಿಯೇ ನಡೆಯಿಸಿದ ಸಂಸ್ಥೆ. ಕಾಂಗ್ರೆಸ್ಸಿನ ಸಭೆಗಳಿಗಾಗಿ ಅವರು ಸಾಮಗ್ರಿಯನ್ನು ಹೊತ್ತು ಊರೂರಿಗೆ ಹೋಗುತ್ತಿದ್ದರು. ಮಹಾತ್ಮರ ಮೆಲುದನಿ ಅಪಾರ ಜನಸಮೂಹಕ್ಕೆ ಮುಟ್ಟಿತೆಂದು ನಾವು ಪಾಠ ಹೇಳಿದ್ದೇವೆ; ಮುಟ್ಟಿಸಿದವರು ಇದ್ದರೆಂಬುದನ್ನು ಹೇಳಿರಲಿಲ್ಲ.

ಸಮಾರಂಭದ ದಿನ ಧ್ವನಿಯವರ ಗಾಡಿ ಬೆಳಿಗ್ಗೆ ಆರಕ್ಕೆ ಬಂದಿತು. ಹೂವಿನವರು ಏಳೂವರೆಗೆ ಬಂದರು. ಪೆಟ್ಟಿಗೆಗಳು ಆಗಲೇ ತಮ್ಮ ಸ್ಥಾನದಲ್ಲಿದ್ದುವು. ಕಮಾನು ಅವುಗಳ ಹಿಂದೆ ನಿಂತಿತು, ಮೊದಲಿಗಿಂತ ಏನೂ ಕಡಮೆಯಾಗಿ ಕಾಣಲಿಲ್ಲ. ಎಂಟಕ್ಕೆ ನಿರೂಪಕಿಯೂ ಸ್ವಾಗತ ಹೇಳುವವರೂ ಬಂದು ಒಂದೊಂದು ವಾಕ್ಯ ನುಡಿದು ನೋಡಿದರು. ನಾವು ಕಡೆಯ ಸಾಲಿನ ಕಡೆಯ ಕುರ್ಚಿಯಲ್ಲಿ ಕುಳಿತು ಕೇಳಿದೆವು. ಆರು ಮಂದಿ ಹುಡುಗರು, ನಸುಕಿನಲ್ಲಿ ಎದ್ದುಬಂದವರು, ಸಾಮಾನ್ಯವಾಗಿ ಪಂಕ್ತಿಯೆಲ್ಲ ಮುಗಿದು ಅನ್ನ ತಣ್ಣಗಾದಮೇಲೆ ಅವರ ಊಟ. ಅವರಿಗೆ ಎಲ್ಲರಿಗಿಂತ ಮೊದಲು ಉಪ್ಪಿಟ್ಟು ಬಡಿಸಿಸಬೇಕೆಂದು ಹೇಳಿಕೊಟ್ಟವರು ನಮ್ಮ ಮನೆಯವರು. ಅಷ್ಟು ಖರ್ಚಿನಲ್ಲಿ ಅಷ್ಟು ಫಲ ಕೊಟ್ಟ ಇನ್ನೊಂದು ಉಪಾಯವನ್ನು ನಾವು ಅರಿಯೆವು.

ನಿವೃತ್ತನಾದ ಆ ಹಿರಿಯನನ್ನು ಮತ್ತೆ ಕರೆಯಿಸಿದ್ದೆವು. ಎರಡು ಹಾಳೆಗಳನ್ನು ತಿದ್ದಿ ದೊಡ್ಡ ಅಕ್ಷರಗಳಲ್ಲಿ ಬರೆದುಕೊಟ್ಟಿದ್ದೆವು. ಆತನು ಅವನ್ನು ಜೇಬಿನಿಂದ ತೆಗೆಯಲೇ ಇಲ್ಲ. ಹುಡುಗನೊಬ್ಬನು ಮೈಕನ್ನು ಅವನ ಬಾಯಿಯ ಮಟ್ಟಕ್ಕೆ ಇಳಿಸಿದನು. ತನ್ನ ದನಿ ತನಗೇ ಕೇಳಿಸಿದಾಗ ಒಂದು ಗಳಿಗೆ ತಡೆದು ನಿಂತನು. ಆಮೇಲೆ ಮನೆಯ ಜಗಲಿಯಲ್ಲಿ ಮಾತನಾಡುವಂತೆ, 2003ರ ಆ ದಿನದ ಕಥೆಯನ್ನು ಹೇಳಿ, ಜೊತೆಗಾರನ ಹೆಸರು ಹಿಡಿದು ಕರೆದು, "ಈ ಕೈ ನಿನ್ನದು ಕಣಯ್ಯ" ಎಂದು ಬಲಗೈಯನ್ನು ಎತ್ತಿ ತೋರಿಸಿದನು.

ಸಭಿಕರಿಗಾಗಿ ಹಿಂದೆ ಒಂದು ಮೈಕು ಬೇಕೆಂಬುದು ಧ್ವನಿಯವನ ಸಲಹೆ. ಅದನ್ನು ಹಿಡಿದು ಒಬ್ಬ ಹುಡುಗನು ನಡುದಾರಿಯಲ್ಲಿ ನಿಂತಿದ್ದನು. ಕಡೆಯ ಸಾಲಿನಲ್ಲಿ ಒಂದು ಕೈ ಮೇಲೆದ್ದಿತು. ಹುಡುಗನು ಓಡಿದನು. ಜೊತೆಗಾರನು ಎದ್ದು ಮೈಕನ್ನು ಎರಡು ಕೈಗಳಲ್ಲಿಯೂ ಹಿಡಿದುಕೊಂಡನು.

"ಸಭೆ ಮುಂದೆ ಸುಳ್ಳು ಹೇಳಬಾರದು. ನಾನು ಮಿಷನ್ ನಿಲ್ಲಿಸಲಿಲ್ಲ. ಸ್ವಿಚ್ಚು ಎಲ್ಲಿ ಅಂತ ತಡಕಾಡ್ತಿದ್ದೆ, ಅಷ್ಟರಲ್ಲಿ ಕರೆಂಟ್ ಹೋಯ್ತು."

ಸಭೆಯೆಲ್ಲ ಗೊಳ್ಳೆಂದಿತು. ವೇದಿಕೆಯ ಮೇಲಿನ ಮುದುಕನು ನಗುವಿನ ಸದ್ದು ಇಳಿಯುವವರೆಗೆ ಕಾದು ನಿಂತು, ಮೈಕಿನ ಹತ್ತಿರಕ್ಕೆ ಬಂದು ಹೇಳಿದನು:

"ಅದು ನಂಗೂ ಗೊತ್ತು ಕಣಯ್ಯ. ಕತ್ತಲಲ್ಲಿ ಅಂಗಿ ಹರಿದು ಕೈ ಎಳೆದವನು ಯಾರು? ಅದನ್ನ ಹೇಳು."